‘ಹವಾ’ ಎಂಬ ಶಬ್ದಕ್ಕೆ ಹಚ್ಚಿದ ನಾಲ್ಕು ಚೀಟಿ

ಹವಾ (ನಾಮಪದ). ಅರ್ಥ: ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾಗಿ, ಇದ್ದಕ್ಕಿದ್ದಂತೆಯೇ ಯಾರಿಗೂ ಬೇಡವಾಗುವ ವಸ್ತುವಿನ ಅಥವಾ ರೀತಿಯ ಜೋರು. ಮೂಲ: ಅರಬ್ಬಿ, ಅಲ್ಲಿ ಗಾಳಿ ಎಂದು ಅರ್ಥ, ಉರ್ದು, ಮರಾಠಿಗಳ ದಾರಿ ಹಿಡಿದು ನಮ್ಮ ಪೇಟೆಗೆ ಬಂದದ್ದು. ಬಳಕೆ: ‘ನಿಂಗಣ್ಣನವರ ಹಿನ್ನೀರು ಸೀರೆಯ ಹವಾ ಎರಡು ತಿಂಗಳಲ್ಲಿ ಇಳಿಯಿತು.’

ಇದನ್ನು ಬರೆದವನು ನಾನು. ಇದರ ಕೊನೆಯ ಸಾಲಿನಿಂದ ನನ್ನ ಎರಡು ಮಗ್ಗ ಬನಹಟ್ಟಿಯ ಬೀದಿಗೆ ಬೀಳುವುದರಲ್ಲಿದ್ದವು. ಅರ್ಥಕ್ಕೆ ಯಾರೂ ತಕರಾರು ಮಾಡಲಿಲ್ಲ. ಮೂಲಕ್ಕಂತೂ ಯಾರೂ ಮಾಡಲಿಲ್ಲ, ಅರಬಸ್ತಾನ ದೂರ ಇದೆ. ನಿಂಗಣ್ಣನವರ ಮನೆ ನಮ್ಮ ಮನೆಯಿಂದ ಎಂಟು ಹೆಜ್ಜೆ.

ನಮ್ಮ ನೇಕಾರರ ಸಂಘಕ್ಕೆ ಐವತ್ತು ವರ್ಷ ತುಂಬಿದ್ದು ಎರಡು ಸಾವಿರದ ಹನ್ನೊಂದರಲ್ಲಿ. ಸ್ಮರಣ ಸಂಚಿಕೆ ತರಬೇಕೆಂದು ಠರಾವಾಯಿತು. ಅಧ್ಯಕ್ಷರ ಫೋಟೊ, ಉಪಾಧ್ಯಕ್ಷರ ಫೋಟೊ, ಅವರಿಬ್ಬರೂ ಜೊತೆಯಲ್ಲಿ ನಿಂತ ಫೋಟೊ ಹಾಕಿದ ಮೇಲೂ ನಾಲ್ಕು ಪುಟ ಉಳಿದವು. ಕಾರ್ಯದರ್ಶಿ ಚನಮಲ್ಲಪ್ಪ ನನ್ನನ್ನು ಕರೆಸಿದರು.

‘ರಾಮಣ್ಣ, ನೀ ಸಂಜಿ ಕಾಲೇಜಿನ್ಯಾಗ ಬಿ.ಎ. ಮಾಡೀದಿ. ನಮ್ಮ ಮಂದಿ ಮಗ್ಗದ ಮುಂದ, ಪ್ಯಾಟ್ಯಾಗ ಮಾತಾಡೂ ಶಬ್ದ ಒಂದ ಐವತ್ತು ತಗೊಂಡು ಅರ್ಥ, ಮೂಲ, ಬಳಕಿ ಎಲ್ಲಾ ಬರದು ಕೊಡು. ಬರೇ ಫೋಟೊ ಹಾಕಿದ್ರ ಮಂದಿ ನಗ್ತಾರ.’

ಹಗಲೆಲ್ಲ ಮಗ್ಗ ನಡೆಸಿ, ತಲೆಗೂದಲಿಗೆ ಹತ್ತಿದ ನೂಲಿನ ಧೂಳು ಝಾಡಿಸಿಕೊಂಡು ಸಂಜೆ ಆರಕ್ಕೆ ತರಗತಿಯಲ್ಲಿ ಕುಳಿತು, ಮೂರು ವರ್ಷದ ಪದವಿಯನ್ನು ಐದು ವರ್ಷದಲ್ಲಿ ಪಡೆದವನು ನಾನು. ಆ ಪದವಿಯನ್ನು ಮೊದಲ ಸಲ ಯಾರೋ ನೆನೆದಿದ್ದರು. ಸಂತೋಷಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇಪ್ಪತ್ತು ವರ್ಷದಿಂದ ಲಾಳಿ ಹಿಡಿದ ಕೈ ನನ್ನದು. ಆದರೂ ಲಾಳಿಯ ಅರ್ಥ ಬರೆಯುವ ಮುನ್ನ ಹದಿನಾಲ್ಕು ಹಿರಿಯರನ್ನು ಕೇಳಿ ಬಂದೆ, ಉಳಿದ ಶಬ್ದಗಳಿಗೂ ಅವರನ್ನೇ ಕೇಳಿದೆ. ಸಂಜೆ ಕಾಲೇಜಿನ ನಮ್ಮ ಗುರುಗಳು ಒಂದು ಮಾತು ಹೇಳುತ್ತಿದ್ದರು: ಶಬ್ದದ ಬಳಕೆಗೆ ಕೊಡುವ ಉದಾಹರಣೆ ಖರೇ ನಡೆದದ್ದಾಗಿರಬೇಕು, ಸುಳ್ಳು ಉದಾಹರಣೆ ಶಬ್ದಕೋಶಕ್ಕೆ ಹತ್ತಿದ ಗೆದ್ದಲು. ಅವರು ಆ ಮಾತು ಹೇಳಿ ನಿವೃತ್ತರಾಗಿ ಪುಣೆಗೆ ಹೋದರು. ಅದನ್ನು ನಂಬಿದವನು ಇಲ್ಲಿಯೇ ಉಳಿದೆ.

ಐವತ್ತು ಶಬ್ದಗಳಲ್ಲಿ ನಲವತ್ತೊಂಬತ್ತನ್ನು ಇಂದಿನವರೆಗೆ ಯಾರೂ ಓದಿಲ್ಲ. ಐವತ್ತನೆಯದನ್ನು ಓದದವರಿಲ್ಲ.

ಹಿನ್ನೀರು ಸೀರೆಯ ಕಥೆ ಇಷ್ಟೇ. ಅದಕ್ಕೆ ಹನ್ನೊಂದು ವರ್ಷ ಮೊದಲು ಅಣೆಕಟ್ಟಿನ ನೀರು ಏರಿ ಅನಗವಾಡಿಯ ಹೊಲಗಳ ತನಕ ಬಂತು. ಅಷ್ಟು ನೀರನ್ನು ನಾವು ಒಟ್ಟಿಗೆ ನೋಡಿದ್ದಿಲ್ಲ. ಬನಹಟ್ಟಿಯ ಮಂದಿ ಟೆಂಪೊ ಮಾಡಿಕೊಂಡು, ಚುರಮುರಿ ಕಟ್ಟಿಕೊಂಡು ನೋಡಲು ಹೋದರು. ನಿಂಗಣ್ಣನವರೂ ಹೋದರು, ನಾನೂ ಹೋದೆ. ನಾನು ಚುರಮುರಿ ತಿಂದು ಬಂದೆ. ಅವರು ಬಂದು, ನೀಲಿ ದಡಿಯ ಮೇಲೆ, ಅಂಚಿನುದ್ದಕ್ಕೂ, ಬಿಳಿ ಅಲೆ ಏಳುವ ಸೀರೆ ನೇಯ್ದರು. ಪೇಟೆಯವರು ‘ಹಿನ್ನೀರು’ ಎಂದು ಹೆಸರಿನ ಚೀಟಿ ಹಚ್ಚಿದರು. ಎಂಟು ದಿನದಲ್ಲಿ ಊರ ಮಗ್ಗಗಳೆಲ್ಲ ಅದೇ ಅಲೆಯನ್ನು ನೇಯತೊಡಗಿದವು. ಎರಡು ತಿಂಗಳಿಗೆ ಅದನ್ನು ಕೇಳುವವರಿಲ್ಲ. ಹವಾ ಶಬ್ದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಇದ್ದರೆ ವಿದ್ವಾಂಸರು ತೋರಿಸಲಿ.

ತೋರಿಸಲು ಬಂದವರು ನಿಂಗಣ್ಣನವರೇ. ಸಂಚಿಕೆ ಅಚ್ಚಾಗಿ ಜಮಖಂಡಿಯಿಂದ ಬಂದ ದಿನವೇ ಒಂದು ಪ್ರತಿಯನ್ನು ಸುರುಳಿ ಮಾಡಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

‘ಲೇ ರಾಮ್ಯಾ.’

ಬಿ.ಎ. ಆದಂದಿನಿಂದ ಅವರು ನನ್ನನ್ನು ರಾಮಣ್ಣ ಎನ್ನುತ್ತಿದ್ದರು. ಪದವಿಯನ್ನು ವಾಪಸು ಪಡೆದಿದ್ದಾರೆ ಎಂದು ಅರ್ಥವಾಯಿತು.

‘ಎರಡು ತಿಂಗಳು ಅಂತ ನಿನಗ ಹೇಳಿದಾವ ಯಾರು?’

‘ಹದಿನಾಕು ಮಂದಿನ್ನ ಕೇಳಿ ಬರದೇನ್ರಿ ಕಾಕಾರ.’

ಈ ಉತ್ತರ ಕೊಡಬಾರದಿತ್ತು. ತಮ್ಮ ಸೀರೆ ಬಿದ್ದ ದಿನವನ್ನು ಹದಿನಾಲ್ಕು ಜನ ನೆನಪಿಟ್ಟಿದ್ದಾರೆಂಬುದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

‘ಐದು ತಿಂಗಳು ನಡದೈತಿ ಆ ಸೀರಿ. ಐದು.’

‘ಹಂಗಾದ್ರ ಎರಡು ಹೊಡದು ಐದು ಮಾಡ್ತೇನ್ರಿ.’

‘ಇಳಿಯಿತು ಅನ್ನೂದನ್ನ ಹಂಗ ಇಡ್ತೀ?’

‘ಇಳದೈತಲ್ರಿ.’

ಅವರ ಮುಖದ ಬಣ್ಣ ನೋಡಿ ನನ್ನ ಹೆಂಡತಿ ಉಜ್ವಲಾ ಒಳಗಿನಿಂದ ನೀರು ತಂದಳು. ಅವರು ಕುಡಿಯಲಿಲ್ಲ.

‘ಕೇಳು. ಐತವಾರ ಕಾರ್ಯಕ್ರಮ ಐತಿ. ಅಟ್ಟೊತ್ತಿಗೆ ಈ ಮಾತು ಪುಸ್ತಕದಾಗ ಇರಬಾರದು. ಇತ್ತಂದ್ರ, ಸೋಮವಾರ ಮುಂಜಾನೆ ನಿನ್ನ ಎರಡೂ ಮಗ್ಗ ನನ್ನ ಶೆಡ್ಡಿನ್ಯಾಗ ಇರಬಾರದು. ಯಾವುದ ತಗೀತಿ ನೀನ ನೋಡು.’

ಮಗ್ಗವೆಂದರೆ ಸೈಕಲ್ಲಲ್ಲ, ಎತ್ತಿ ಇನ್ನೊಂದು ಗೋಡೆಗೆ ಆನಿಸಲು. ನೆಲದ ಸಿಮೆಂಟಿಗೆ ಬೋಲ್ಟು ಹಾಕಿ ಕೂರಿಸಿದ ಕಬ್ಬಿಣ. ನಮ್ಮ ಮನೆಯಲ್ಲಿ ಇಬ್ಬರು ಮಲಗಿದರೆ ಮೂರನೆಯವರು ಕೂರಬೇಕು. ಅಪ್ಪನ ಗೆಳೆಯರೆಂಬ ಒಂದೇ ಕಾರಣಕ್ಕೆ ನಿಂಗಣ್ಣನವರು ತಮ್ಮ ಶೆಡ್ಡಿನಲ್ಲಿ ಜಾಗ ಕೊಟ್ಟಿದ್ದರು. ಆ ಎರಡು ಮಗ್ಗ ನಿಂತರೆ ನಮ್ಮ ಒಲೆಯೂ ನಿಲ್ಲುತ್ತದೆ.

‘ಏನೂ ಚಿಂತಿ ಮಾಡಬ್ಯಾಡ್ರಿ,’ ಅಂದಳು ಉಜ್ವಲಾ, ಅವರು ಹೋದ ಮೇಲೆ. ‘ಒಂದ ಮಗ್ಗ ಅಡಿಗಿಮನ್ಯಾಗ ಇಡೂನು, ಇನ್ನೊಂದ ದೇವರ ಜಗಲಿ ಮ್ಯಾಲ. ನಾವಿಬ್ಬರೂ ಹೋಗಿ ನಿಮ್ಮ ಪುಸ್ತಕದಾಗ ಇದ್ದರಾತು.’

ನನಗೂ ಸಿಟ್ಟು ಬಂದಿತ್ತು. ಆದರೆ ಸಂಜೆ ಕಲಿತವನ ಸಿಟ್ಟು ಮರುದಿನ ಬರುತ್ತದೆ, ಆಗ ಎದುರಿಗೆ ಯಾರೂ ಇರುವುದಿಲ್ಲ.

ಸಂಘದ ಕಚೇರಿಗೆ ಹೋದೆ. ಚನಮಲ್ಲಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಐದುನೂರು ಪ್ರತಿಗಳ ನಡುವೆ ಕುಳಿತಿದ್ದರು.

‘ಐದನೂರು ಹೊಡದಾವಲ್ಲೋ ಮಾರಾಯ. ಈಗ ಒಂದ ಸಾಲು ತಗೀ ಅಂದ್ರ ಕತ್ತರಿ ತಗೊಂಡು ಕೂಡಲೇನ? ನಿನಗ ಶಬ್ದ ಬರೀ ಅಂದ್ರ ಊರ ಜಗಳ ಬರದೀದಿ.’

ಜವಳಿ ವ್ಯಾಪಾರಿ ಲಗಮಪ್ಪ ಅಲ್ಲೇ ಕುಳಿತಿದ್ದರು. ಸಂಚಿಕೆಗೆ ಜಾಹೀರಾತು ಕೊಟ್ಟವರಾದ್ದರಿಂದ ಅವರಿಗೆ ಕಚೇರಿಯಲ್ಲಿ ಕುರ್ಚಿ ಇತ್ತು.

‘ಇದೇನ ದೊಡ್ಡ ಮಾತ್ರಿ,’ ಅಂದರು. ‘ಹವಾ ಹೋದ ಸೀರಿಗೆ ನಾವೇನ ಮಾಡ್ತೇವಿ? ಹಳೇ ಹೆಸರಿನ ಚೀಟಿ ಮ್ಯಾಲ ಹೊಸಾ ಹೆಸರಿನ ಚೀಟಿ ಹಚ್ತೇವಿ. ಬ್ಯಾರೆ ಊರ ಸಂತಿಗೆ ಕಳಸ್ತೇವಿ. ನಿಂಗಣ್ಣನ ಹಿನ್ನೀರು ಉಳದಾಗ ಹಂಗ ಮಾಡಿದೆ. ರಾಣಿ ದಡಿ ಅಂತ ಚೀಟಿ ಹಚ್ಚಿ ಬೀಳಗಿ ಸಂತಿಗೆ ಕಳಸಿದೆ, ಎರಡ ವಾರದಾಗ ಖಾಲಿ. ನೀನೂ ಒಂದ ಚೀಟಿ ಹೊಡಸು, ಆ ಸಾಲಿನ ಮ್ಯಾಲ ಹಚ್ಚು.’

ಅಚ್ಚಿನ ಮನೆಯಿಂದ ಐದುನೂರು ಚೀಟಿ ಬಂದವು. ನೂಲಿಗೆ ಹಾಕುವ ಗಂಜಿಯನ್ನೇ ಗಟ್ಟಿಯಾಗಿ ಕಾಯಿಸಿ ಹಚ್ಚಲು ಕುಳಿತೆ. ನಿಂಗಣ್ಣನವರ ಜಾಗದಲ್ಲಿ ಬೇರೆ ಉದಾಹರಣೆ ಬೇಕಿತ್ತಲ್ಲ. ಉಪಾಯ ಹೇಳಿಕೊಟ್ಟವರ ಋಣ ತೀರಿಸೋಣವೆಂದು ಅಚ್ಚಿಗೆ ಬರೆದುಕೊಟ್ಟಿದ್ದೆ: ‘ಲಗಮಪ್ಪನವರ ಅಂಗಡಿಯ ಚಮಕಿ ಸೀರೆಯ ಹವಾ ಹೋದ ವರ್ಷ ಜೋರಾಗಿತ್ತು.’

ಮಧ್ಯಾಹ್ನಕ್ಕೆ ಲಗಮಪ್ಪ ಬಂದರು. ಅವರ ಹಿಂದೆ ಅವರ ಹೋಂಡಾ ಇನ್ನೂ ಗುರುಗುಟ್ಟುತ್ತಿತ್ತು, ನಿಲ್ಲಿಸುವಷ್ಟು ತಾಳ್ಮೆ ಇರಲಿಲ್ಲ.

‘ಜೋರಾಗಿತ್ತು? ಇತ್ತು? ನನ್ನ ಗೋದಾಮಿನ್ಯಾಗ ಇನ್ನೂ ಆರನೂರು ಚಮಕಿ ಸೀರಿ ಅದಾವ. ಐದನೂರು ಮನಿಗೆ ಈ ಪುಸ್ತಕ ಹೋಗ್ತೈತಿ. ಅವನ್ನ ನೀ ಉಟಗೋತಿಯೇನ?’

ಎರಡನೆಯ ಚೀಟಿ ಬರೆಯುವಾಗ ನಾನು ಪಾಠ ಕಲಿತಿದ್ದೆ. ಹೋಯಿತು, ಇತ್ತು ಎಂಬ ಮಾತೇ ಬೇಡ. ಸೀರೆಯ ಸಹವಾಸವೂ ಬೇಡ. ಬರೆದೆ: ‘ನಮ್ಮ ಕಾರ್ಯದರ್ಶಿಗಳಿಂದಾಗಿ ಊರಲ್ಲಿ ಕಪ್ಪು ಕನ್ನಡಕದ ಹವಾ ಬಂದಿದೆ.’

ಚನಮಲ್ಲಪ್ಪ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೂರನೆಯ ಸಲ ಓದಲು ಹೋಗಿ, ಕಾಣದೆ, ಮತ್ತೆ ಹಾಕಿಕೊಂಡರು.

‘ಕಣ್ಣಿನ ಆಪರೇಷನ್ ಆಗೇತೋ ನನಗ. ಬಿಸಲಿಗೆ ನೀರ ಸುರೀತಾವ. ಇದು ನಿನಗ ಷೋಕಿ ಕಂಡೈತಿ?’

‘ತಪ್ಪಾತ್ರಿ.’

‘ಇನ್ನೊಂದ ಹೇಳು. ಮ್ಯಾಲಿನ ಸಾಲಿನ್ಯಾಗ ಹವಾ ಅಂದ್ರ ಯಾರಿಗೂ ಬ್ಯಾಡಾಗೂದು ಅಂತ ಬರದೀದಿ. ಕೆಳಗಿನ ಸಾಲಿನ್ಯಾಗ ನನ್ನ ಹೆಸರು. ಮುಂದಿನ ತಿಂಗಳ ಸಂಘದ ಎಲೆಕ್ಷನ್ ಐತಿ. ಯಾರ ಹೇಳಿಕೊಟ್ಟಾರ ನಿನಗ?’

ಯಾರೂ ಹೇಳಿಕೊಟ್ಟಿಲ್ಲ ಎಂದರೆ ಅವರು ನಂಬಲಿಲ್ಲ. ಇಷ್ಟು ನಾಜೂಕಾದ ದ್ರೋಹ ನನ್ನೊಬ್ಬನ ತಲೆಗೆ ಹೊಳೆಯಲಾರದೆಂದು ಅವರ ಅಭಿಪ್ರಾಯ. ಇದೊಂದರಲ್ಲಿ ಅವರು ನನ್ನನ್ನು ಸರಿಯಾಗಿ ಅಳೆದಿದ್ದರು.

ಮೂರನೆಯ ಚೀಟಿಯಲ್ಲಿ ಯಾರ ಹೆಸರೂ ಇಲ್ಲ, ಯಾವ ವಸ್ತುವೂ ಇಲ್ಲ. ‘ಹವಾ ಬರುತ್ತದೆ, ಹವಾ ಹೋಗುತ್ತದೆ.’ ಐದುನೂರು ಪ್ರತಿಗೂ ಹಚ್ಚಿ ಮುಗಿಸಿದಾಗ ನನ್ನ ಬೆರಳುಗಳು ಒಂದಕ್ಕೊಂದು ಅಂಟಿದ್ದವು. ಆ ಪುಟ ಹಪ್ಪಳದಂತಾಗಿತ್ತು. ಆದರೂ ಮನಸ್ಸು ಹಗುರವಾಗಿತ್ತು. ಉಂಡು ಎದ್ದೆ. ಅಷ್ಟರಲ್ಲಿ ನಿಂಗಣ್ಣನವರ ಹೆಂಡತಿ ರುಕ್ಮವ್ವ ಬಂದರು, ಅವರ ಬೆನ್ನಿಗೆ ನಿಂಗಣ್ಣನವರು.

‘ಏನಪಾ ಶಾಣ್ಯಾ,’ ಅಂದರು ರುಕ್ಮವ್ವ. ‘ಐವತ್ತು ವರ್ಷದ ಪುಸ್ತಕದಾಗ ಎಲ್ಲಾ ಕಡೆ ನೋಡಿಸಿದೆ. ಸಂಘದ ಚಾದವನ ಹೆಸರ ಐತಿ, ನಮ್ಮ ಮನಿಯವರ ಹೆಸರ ಇಲ್ಲ.’

‘ಕಾಕಾರ ತಗೀ ಅಂದಿದ್ರಲ್ರಿ ಕಾಕು.’

‘ಮಾತು ತಗೀ ಅಂದೆ,’ ಎಂದರು ನಿಂಗಣ್ಣನವರು. ‘ಹೆಸರು ತಗೀ ಅಂದೆನೇನ? ನಲವತ್ತು ವರ್ಷ ದಡಿ ನೇದೇನಿ ಈ ಊರಾಗ. ಚಾದವನಕಿಂತ ಕಡೆ ಆದೆನೇನ?’

‘ಹಂಗಾದ್ರ ಏನಂತ ಬರೀಲ್ರಿ?’

‘ನಿಂಗಣ್ಣನ ಹಿನ್ನೀರು ಸೀರಿ ಹವಾ ಇವತ್ತಿಗೂ ಐತಿ ಅಂತ ಬರಿ.’

ಗೆದ್ದಲಿನ ಮಾತು ನೆನಪಾಯಿತು. ಆ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ‘ಉದಾಹರಣೆ ಖರೇ ಇರಬೇಕಲ್ರಿ ಕಾಕಾರ,’ ಅಂದೆ.

ಮನೆಯೊಳಗೆ ಉಜ್ವಲಾಳ ಕೈಯಿಂದ ಪಾತ್ರೆಯೊಂದು ಬಿತ್ತು. ಅವಳು ಬೀಳಿಸಿದಳೋ ಒಗೆದಳೋ ಈಗಲೂ ನಿರ್ಣಯವಾಗಿಲ್ಲ.

ನಿಂಗಣ್ಣನವರು ಬಹಳ ಮೆತ್ತಗೆ ಮಾತಾಡಿದರು. ಅವರು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ‘ಖರೆ ಮಾಡು. ಆ ಸೀರಿ ಇವತ್ತಿಗೂ ಉಡೂ ಹೆಣಮಗಳನ್ನ ಹುಡುಕಿ, ಐತವಾರ ವೇದಿಕೆ ಮ್ಯಾಲ ನಿಂದ್ರಸು. ಇಲ್ಲಾಂದ್ರ ಪಾನಾ ಹುಡುಕಿ ಇಟ್ಟುಕೋ, ಬೋಲ್ಟು ಬಿಚ್ಚಾಕ.’

ಮೂರು ದಿನ ಉಳಿದಿದ್ದವು. ಮೊದಲ ದಿನ ಮುಧೋಳದ ಬಸ್‌ ನಿಲ್ದಾಣದಲ್ಲಿ ಕಳೆದೆ. ಹೋಗುವ ಬರುವ ಹೆಂಗಸರ ಸೀರೆಯ ದಡಿ ನೋಡಬೇಕು. ದಡಿ ಇರುವುದು ಕಾಲ ಬಳಿ. ಎರಡು ತಾಸು ತಲೆ ತಗ್ಗಿಸಿ ನಿಂತವನನ್ನು ಮೊದಲು ಜನ ಏನೋ ಕಳೆದುಕೊಂಡವನೆಂದು ತಿಳಿದು ಮರುಕ ಪಟ್ಟರು. ಆಮೇಲೆ ಪಡಲಿಲ್ಲ. ಒಬ್ಬಾಕೆ ನನ್ನ ತಲೆಯ ಮೇಲೆ ಖಾಲಿ ಕೊಡ ಕುಕ್ಕಿ ಬಸ್ಸು ಹತ್ತಿದಳು. ಮರುದಿನ ಲಗಮಪ್ಪ ಹೇಳಿದ್ದ ಬೀಳಗಿ ಸಂತೆಗೆ ಹೋದೆ. ಅಲ್ಲಿ ಹತ್ತು ನಿಮಿಷದಲ್ಲಿ ಪೊಲೀಸರೊಬ್ಬರ ಕೈ ನನ್ನ ಕಾಲರಿನ ಮೇಲಿತ್ತು.

‘ಆಗಿನಿಂದ ಹೆಣಮಕ್ಕಳ ಕಾಲ ನೋಡಕೋತ ಹೊಂಟೀದಿ. ಏನ ವಿಚಾರ?’

‘ಕಾಲಲ್ರಿ ಸಾಹೇಬ್ರ. ದಡಿ.’

‘ದಡಿ ಯಾಕ?’

‘ಶಬ್ದಕೋಶಕ್ಕರಿ.’

ಅವರ ನೌಕರಿಯಲ್ಲಿ ಸಂತೆಯಲ್ಲಿ ಸಿಕ್ಕಿಬಿದ್ದವರು ನೂರು ಕಾರಣ ಹೇಳಿರಬೇಕು. ಇದನ್ನು ಯಾರೂ ಹೇಳಿರಲಿಲ್ಲ. ಹಿಡಿತ ಇನ್ನೂ ಬಿಗಿಯಾಯಿತು. ಅದೇ ಹೊತ್ತಿಗೆ, ಕುರಿಗಳ ಸಾಲಿನ ಆಚೆ, ನೀಲಿಯ ಮೇಲೆ ಬಿಳಿ ಅಲೆ ಕಂಡಿತು. ‘ಅದ, ಅದ,’ ಎಂದು ಬೆರಳು ತೋರಿಸಿದೆ. ದಡಿಯ ಒಡತಿ ತಿರುಗಿದಳು. ಅರವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ಕುರಿ ಕಾಯುವ ಕೋಲು.

‘ಯಾರಿಗೋ ಬಟ್ಟ ಮಾಡಿ ತೋರಿಸ್ತೀ?’

ಕೋಲು ಒಂದು ಸಲ ಬಿದ್ದ ಮೇಲೆಯೇ ನನಗೆ ವಿವರಿಸಲು ಅವಕಾಶ ಸಿಕ್ಕಿತು. ಎಲ್ಲ ಕೇಳಿ ಪೊಲೀಸರು, ‘ಇವನಿಗೆ ತಲಿ ಕೆಟ್ಟೈತಿ, ನಿನಗ ಬೇಕಾದ್ರ ಇಟಗೋಬೇ,’ ಎಂದು ಕೈಬಿಟ್ಟು ಹೋದರು. ಅವಳ ಹೆಸರು ಸಿದ್ದಕ್ಕ. ಅನಗವಾಡಿಯವಳು. ಎರಡು ಟಗರು ಮಾರಲು ಬಂದಿದ್ದಳು.

‘ಈ ಸೀರಿ ಯಾವಾಗ ತಗೊಂಡ್ರಿ ಯವ್ವಾ?’

‘ನೀರು ಬಂದ ವರ್ಷ. ಮನಿ ಬಿಟ್ಟು ತಗಡಿನ ಶೆಡ್ಡಿಗೆ ಹೋದಾಗ ಮೈಮ್ಯಾಲ ಒಂದ ಸೀರಿ ಇತ್ತು. ಇಲ್ಲೇ ಸಂತ್ಯಾಗ ಇದನ್ನ ತಗೊಂಡೆ. ರಾಣಿ ದಡಿ ಅಂದಿದ್ದ ಮಾರಾಂವ. ಹನ್ನೊಂದ ವರ್ಷ ಆತು. ಬೀರಪ್ಪನಾಣಿ, ಒಂದ ಎಳಿ ಹೋಗಿಲ್ಲ. ಕುರಿ ಹಿಂದ ಮುಳ್ಳಾಗ ತಿರಗೇನಿ ಇದನ್ನುಟ್ಟು.’

‘ಇದನ್ನ ನೇದವರು ನಮ್ಮೂರಾಗ ಅದಾರ್ರಿ. ಐತವಾರ ಬರ್ರಿ. ನಿಮಗ ಹೊಸಾ ಸೀರಿ ಉಡಸ್ತಾರ, ಊಟ ಐತಿ.’

‘ಹೊಸಾದೇನ ಮಾಡ್ಲಿ. ಇಂಥಾದ ಇನ್ನೊಂದ ಐತೇನ ಕೇಳ್ತೇನಿ,’ ಅಂದಳು. ಮನೆ ಹೋದ ವರ್ಷ ಕೊಂಡದ್ದು ಅದೊಂದೇ ಛಲೋ ಸಾಮಾನಂತೆ. ಅದನ್ನು ಹೇಳುವಾಗ ದಡಿಯನ್ನು ಅಂಗೈಯಲ್ಲಿ ತೀಡಿ ನೋಡಿಕೊಂಡಳು.

ಆಗ ನಾನು ಹೇಳಬೇಕಿತ್ತು. ಯವ್ವಾ, ಇದು ರಾಣಿ ದಡಿ ಅಲ್ಲ, ಚೀಟಿಯ ಕೆಳಗೆ ಇನ್ನೊಂದು ಹೆಸರಿದೆ ಎಂದು. ನನ್ನ ಎರಡು ಮಗ್ಗ ಕಣ್ಣ ಮುಂದೆ ಬಂದವು. ಹೇಳಲಿಲ್ಲ. ಟಗರಿಗೆ ಗಿರಾಕಿ ಬಂದರು. ನಾನು ಬಸ್ಸು ಹತ್ತಿದೆ.

ನಾಲ್ಕನೆಯ ಚೀಟಿ ಹಚ್ಚಿದೆ: ‘ನಿಂಗಣ್ಣನವರ ಹಿನ್ನೀರು ಸೀರೆಯ ಹವಾ ಇಂದಿಗೂ ಇದೆ.’ ಪುಟವೀಗ ಹಪ್ಪಳ ಹೋಗಿ ಕಡಕ್ ರೊಟ್ಟಿಯಾಗಿತ್ತು. ಪುಸ್ತಕ ಮುಚ್ಚಿದರೆ ತಾನಾಗಿ ಅದೇ ಪುಟಕ್ಕೆ ಬಾಯಿ ತೆರೆಯುತ್ತಿತ್ತು. ಹೀಗಾಗಿ ಭಾನುವಾರ ಸಭೆಗೆ ಬಂದ ಪ್ರತಿಯೊಬ್ಬರೂ ಮೊದಲು ಓದಿದ್ದು ಆ ಸಾಲನ್ನು, ಎರಡನೆಯದಾಗಿ ಮಾಡಿದ್ದು ಉಗುರಿನಿಂದ ಚೀಟಿ ಎಬ್ಬಿಸುವುದನ್ನು. ಅಧ್ಯಕ್ಷರ ಭಾಷಣದ ತುಂಬ ಪರಪರ ಸದ್ದು. ಲಗಮಪ್ಪ ತಮ್ಮ ಚೀಟಿಯನ್ನು ಮತ್ತೆ ಕಂಡು ಮತ್ತೆ ಕೆಂಪಾದರು. ಚನಮಲ್ಲಪ್ಪ ವೇದಿಕೆಯ ಮೇಲೆ ಕನ್ನಡಕ ಹಾಕಲೂ ಆಗದೆ ತೆಗೆಯಲೂ ಆಗದೆ ಕೈಯಲ್ಲಿ ಹಿಡಿದು ಕಣ್ಣೀರು ಸುರಿಸುತ್ತಿದ್ದರು. ಸಂಘದ ಮೇಲಿನ ಪ್ರೀತಿಯೆಂದು ಅತಿಥಿಗಳು ತಿಳಿದರು.

ಸಿದ್ದಕ್ಕ ಬಂದಳು, ಅದೇ ಸೀರೆ ಉಟ್ಟು. ನಿಂಗಣ್ಣನವರು ಹೊಸ ಸೀರೆಯನ್ನು ಅವಳ ಕೈಗೆ ಕೊಟ್ಟು ಮೈಕು ಹಿಡಿದರು. ಅವರ ಮುಖ ಮದುಮಗನ ಮುಖದಂತಿತ್ತು.

‘ನನ್ನ ಸೀರಿ ಎರಡ ತಿಂಗಳಿಗೆ ಬಿತ್ತು ಅಂದವರು ಕಣ್ಣ ತಗದು ನೋಡ್ರಿ. ಹನ್ನೊಂದ ವರ್ಷ ಆತು, ಈ ತಾಯಿ ಮೈಮ್ಯಾಲ ಐತಿ. ಯವ್ವಾ, ಈ ಸೀರಿ ಹೆಸರ ಗೊತ್ತೈತೇನ ನಿನಗ?’

‘ರಾಣಿ ದಡಿ.’

‘ಅಲ್ಲ ಅಲ್ಲ. ಅದು ಪ್ಯಾಟಿಯವರು ಹಚ್ಚಿದ ಸುಳ್ಳ ಚೀಟಿ. ಇದರ ಖರೆ ಹೆಸರು ಹಿನ್ನೀರು. ನಿಮ್ಮ ಅನಗವಾಡಿ ನೀರು ನೋಡಿ ಬಂದ ನಾನ ನೇದದ್ದು.’

ಚಪ್ಪಾಳೆ ಬಿತ್ತು. ಸಿದ್ದಕ್ಕ ಚಪ್ಪಾಳೆ ಮುಗಿಯುವ ತನಕ ಕಾದಳು.

‘ಯಾವ ನೀರು?’

‘ಅದ... ನಿಮ್ಮೂರ ಕಡೆ ಬಂತಲ್ಲ.’

‘ನನ್ನ ಹೊಲದ ಮ್ಯಾಲ ನಿಂತದ್ದು?’

ನಿಂಗಣ್ಣನವರಿಗೆ ಆಗ ಮೈಕು ಭಾರವಾಯಿತು. ಅವಳು ಅದನ್ನು ಕೇಳಲಿಲ್ಲ, ಅವಳಿಗೆ ಮೈಕಿನ ಅವಶ್ಯಕತೆ ಇರಲಿಲ್ಲ. ಕುರಿ ಕಾಯುವವಳ ದನಿ ಗುಡ್ಡದಿಂದ ಗುಡ್ಡಕ್ಕೆ ಮುಟ್ಟುವಂಥದ್ದು.

‘ಹನ್ನೊಂದ ವರ್ಷ ನಾ ಆ ನೀರನ್ನ ಸೊಂಟಕ್ಕ ಸುತಗೊಂಡ ತಿರಗೇನಿ? ಯಾವ ನೀರು ನನ್ನ ಮನಿ ತಗೊಂತೋ ಅದನ್ನ ಒಗದು, ಒಣಗಿಸಿ, ಹಬ್ಬಕ್ಕ ಉಟ್ಟೇನಿ? ನೀವು ನೋಡಾಕ ಬಂದಿದ್ರಿ. ಟೆಂಪೊ ಮಾಡಕೊಂಡು ಬಂದಿದ್ರಿ. ನಾವು ದಂಡಿ ಮ್ಯಾಲ ಗಂಟು ಹೊತಗೊಂಡು ನಿಂತಿದ್ವಿ, ನೀವು ಬಾಜೂಕ ಕೂತು ಚುರಮುರಿ ತಿಂದ್ರಿ. ನಿಮ್ಮ ಹವಾ ಬಂತು, ಹೋತು. ನಮ್ಮ ನೀರು ಬಂದದ್ದು ಹೋತೇನು?’

ಹೇಳುತ್ತಲೇ ದಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಒಮ್ಮೆ, ಎರಡು ಸಲ, ಮೂರು ಸಲ. ಕಾಲು ಕೊಟ್ಟು ಜಗ್ಗಿದಳು.

‘ಹರದ ಒಗೀಬೇಕಂದ್ರ ಹರೀವಲ್ದಲ್ಲ ಇದು.’

‘ಹರಿಯೂದಿಲ್ಲವ್ವ,’ ಎಂದರು ನಿಂಗಣ್ಣನವರು. ‘ದಡಿಗೆ ಎರಡೆಳಿ ನೂಲು ಹಾಕೇನಿ.’

ನಲವತ್ತು ವರ್ಷ ನೇಯ್ದವರ ಬಾಯಿಂದ ತಾನಾಗಿ ಜಾರಿದ ಮಾತು ಅದು. ಸಭೆ ನಕ್ಕಿತು. ಸಿದ್ದಕ್ಕ ನಗಲಿಲ್ಲ. ಅವಳು ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ನಗೆ ಅದೇ ಕ್ರಮದಲ್ಲಿ ನಿಂತಿತು. ಕೊನೆಗೆ ನನ್ನನ್ನು ನೋಡಿದಳು.

‘ನಿನಗ ಗೊತ್ತಿತ್ತೇನೋ?’

‘ಗೊತ್ತಿತ್ರಿ.’

‘ಸಂತ್ಯಾಗ ಯಾಕ ಹೇಳಲಿಲ್ಲ?’

ನಾನು ಕೈಯಲ್ಲಿದ್ದ ಪುಸ್ತಕ ಮುಚ್ಚಿದೆ, ಅದು ತಾನಾಗಿ ಅದೇ ಪುಟಕ್ಕೆ ಬಾಯಿ ತೆರೆಯಿತು. ಅವಳು ಹೊಸ ಸೀರೆಯನ್ನು ಕುರ್ಚಿಯ ಮೇಲಿಟ್ಟು, ಊಟದ ಪಂಕ್ತಿ ದಾಟಿ, ಬಸ್‌ ನಿಲ್ದಾಣದ ಕಡೆ ನಡೆದಳು. ಬುಂದಿ ಬಡಿಸುತ್ತಿದ್ದವರು ಸವಟು ಹಿಡಿದು ನಿಂತೇ ಇದ್ದರು.

ಸೋಮವಾರ ಬೆಳಿಗ್ಗೆ ನಾನೂ ಉಜ್ವಲಾಳೂ ಪಾನಾ ಹಿಡಿದುಕೊಂಡು ಶೆಡ್ಡಿಗೆ ಹೋದೆವು. ನಿಂಗಣ್ಣನವರು ನನ್ನ ಎಡಗಡೆಯ ಮಗ್ಗದ ಬಳಿ ಕುಳಿತಿದ್ದರು. ಮುಂದೆ ಒಂದು ತಂಬಿಗೆ ನೀರು, ಪುಸ್ತಕದ ಒಂದು ಪ್ರತಿ. ಹಸಿ ಬಟ್ಟೆ ಒತ್ತಿ ಒತ್ತಿ ಒಂದೊಂದೇ ಚೀಟಿ ಎಬ್ಬಿಸಿ ಪಕ್ಕಕ್ಕೆ ಹರವಿದ್ದರು. ಕೆಳಗಿನ ಅಚ್ಚಿನ ಸಾಲು ಕಾಣುತ್ತಿತ್ತು.

‘ಎರಡ ತಿಂಗಳಲ್ಲ,’ ಅಂದರು. ‘ಒಂದೂವರಿ. ತಿದ್ದಕೋ.’

‘ಐದು ಅಂದಿದ್ರಲ್ರಿ.’

‘ಸಿಟ್ಟಿನ್ಯಾಗ ಅಂದಿರ್ತೇನಿ. ಅದನ್ನೂ ಬರಕೋತಿಯೇನ?’

ಅವರು ಹಸಿ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟರು.

‘ಅವತ್ತ ಟೆಂಪೊದಾಗ ನೀನೂ ಇದ್ದಿ.’

‘ಇದ್ದೆರಿ.’

‘ದಂಡಿ ಮ್ಯಾಲ ಗಂಟು ಹೊತಗೊಂಡು ಮಂದಿ ನಿಂತಿದ್ರಲ್ಲ, ನೋಡಿದ್ದೇನು?’

‘ನೋಡಿದ್ದೆರಿ.’

‘ನಾನೂ ನೋಡಿದ್ದೆ. ದಡಿಯೊಳಗ ಬರೇ ನೀರ ಬಂತು.’ ಚೀಟಿಗಳನ್ನು ಒಟ್ಟುಮಾಡಿ ಪುಸ್ತಕದೊಳಗಿಟ್ಟು, ‘ಪಾನಾ ತಂದೀಯೇನ? ಬೋಲ್ಟು ತಿರುವು,’ ಅಂದರು.

ಬಿಚ್ಚುವುದೇ ಸರಿಯೆಂದು ಬಗ್ಗಿ ಪಾನಾ ಹಚ್ಚಿದೆ.

‘ಅತ್ತಾಗಲ್ಲೋ ಬಿ.ಎ., ಇತ್ತಾಗ. ಬಿಗಿ ಮಾಡು. ಮಗ್ಗ ಅಲಗಾಡಾಕತ್ತೈತಿ. ಇದರ ಮ್ಯಾಲ ಆ ದಡಿ ಹಾಕೂನು, ಒಂದ ಸೀರಿ ಆಗೂವಷ್ಟು. ಹಳೇದನ್ನ ಆಕಿ ಇನ್ನ ಉಡೂದಿಲ್ಲ. ಇಂಥಾದ ಇನ್ನೊಂದ ಬೇಕು ಅಂದಿದ್ದಳು ಅಂದೆಲ್ಲ.’

‘ಆ ಅಲೆ ಬೇಕಾಗ್ತೈತೇನ್ರಿ ಆಕಿಗೆ?’

‘ಮೊದಲ ಹೋಗಿ ಕೇಳಿ ಬಾ. ಈ ಸಲ ಕೇಳಿ ಬಾ.’

ಕೇಳಿ ಬಂದೆ. ಕೋಲು ಕೈಯಲ್ಲೇ ಇತ್ತು, ಬೀಳಲಿಲ್ಲ. ದಡಿ ಬೇಕು, ನೀಲಿ ಬೇಕು, ಅಲೆ ಬೇಡ, ಹೆಸರು ಬೇಡ ಅಂದಳು. ಹದಿನೈದು ದಿನಕ್ಕೆ ಸೀರೆ ಇಳಿಯಿತು. ಒಯ್ದು ಕೊಟ್ಟೆ. ಅವಳು ಮಡಿಕೆ ಬಿಚ್ಚಿ ನೋಡಿದಳು.

‘ಚೀಟಿ ಎಲ್ಲೈತಿ?’

‘ಹಚ್ಚಿಲ್ರಿ.’

ಚೀಟಿ ಇರಬೇಕಾದ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಕೆಳಗೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಸೀರೆಯನ್ನು ಒಳಗಿಟ್ಟು ಬಂದಳು.

‘ಕೂಡು, ಚಾ ಕುಡದು ಹೋಗು. ಸಿಟ್ಟು ಹೋಗೇತಿ ಅಂತ ತಿಳೀಬ್ಯಾಡ. ಬರೇ ಚಾ.’

ಕಥೆ ಇಲ್ಲಿಗೆ ಮುಗಿಯಬೇಕು. ನಮ್ಮ ಊರಿನಲ್ಲಿ ಯಾವುದೂ ಮುಗಿಯಬೇಕಾದಲ್ಲಿ ಮುಗಿಯುವುದಿಲ್ಲ. ಮುಂದಿನ ವಾರ ಲಗಮಪ್ಪ ಶೆಡ್ಡಿಗೆ ಬಂದರು. ಈ ಸಲ ಹೋಂಡಾ ನಿಲ್ಲಿಸಿ, ಚಪ್ಪಲಿ ಬಿಟ್ಟು, ನಗುತ್ತ ಬಂದರು.

‘ನಿಂಗಣ್ಣಾರ, ಆ ಸಿದ್ದಕ್ಕನ ಸೀರಿ ನೋಡಿ ಬೀಳಗಿ ಕಡೆ ಹೆಣಮಕ್ಕಳೆಲ್ಲಾ ಕೇಳಾಕತ್ತಾರ. ಚೀಟಿ ಇಲ್ಲದ ಸೀರಿ ಬೇಕಂತ. ಭಾರಿ ಹವಾ ಎದ್ದೈತಿ. ನನಗೊಂದ ಐದನೂರು ಹಾಕಿ ಕೊಡ್ರಿ.’

ನಿಂಗಣ್ಣನವರು ಮಗ್ಗ ನಿಲ್ಲಿಸಿದರು. ‘ಚೀಟಿ ಇಲ್ಲದ್ದು?’

‘ಹೌದ್ರಿ. ಮಂದಿಗೆ ಗುರತ ಸಿಗಬೇಕಲ್ಲ, ಅದಕ್ಕ ಹೊಡಸಿಕೊಂಡ ಬಂದೇನಿ.’ ಚೀಲದಿಂದ ಒಂದು ಕಟ್ಟು ತೆಗೆದು ತೋರಿಸಿದರು. ಬಂಗಾರದ ಬಣ್ಣದ ಚೀಟಿಗಳು, ಮೇಲೆ ಕೆಂಪು ಅಕ್ಷರ: ‘ಅಸಲಿ ಚೀಟಿ ಇಲ್ಲದ ಸೀರೆ’.

ನಿಂಗಣ್ಣನವರು ಒಗೆಯಲು ಏನಾದರೂ ಸಿಗುತ್ತದೆಯೇ ಎಂದು ಅತ್ತಿತ್ತ ನೋಡಿದರು. ಲಾಳಿ ಮಗ್ಗದ ಆಚೆ ತುದಿಯಲ್ಲಿತ್ತು. ಪಾನಾ ಕೊಟ್ಟರೆ ಕೊಲೆಯಾದೀತು. ನಾನು ನನ್ನ ಬಳಿಯಿದ್ದ ಸ್ಮರಣ ಸಂಚಿಕೆಯನ್ನು ಅವರ ಕೈಗಿಟ್ಟೆ. ನನ್ನ ಪ್ರತಿಯ ಚೀಟಿಗಳನ್ನು ಇನ್ನೂ ಎಬ್ಬಿಸಿರಲಿಲ್ಲ. ನಾಲ್ಕು ಪದರ ಗಂಜಿ ಕುಡಿದು ಆ ಪುಟ ಹಲಗೆಯಾಗಿತ್ತು. ಅವರು ಒಗೆದಾಗ ಅದು ಲಗಮಪ್ಪನವರಿಗೆ ಸರಿಯಾಗಿ ‘ಹವಾ’ ಶಬ್ದದ ಕಡೆಯಿಂದಲೇ ತಗುಲಿತು.

ಸಂಘದ ಐವತ್ತು ವರ್ಷದ ಸಂಚಿಕೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ ಎಂದು ಇನ್ನು ಮುಂದೆ ಯಾರೂ ಅನ್ನುವಂತಿಲ್ಲ.